ಹೊಗೆ ಕುಡಿದ ಪೆಟ್ಟಿಗೆ

ತಂತಿಯನ್ನು ನಾನೇ ಒಮ್ಮೆ ಮೀಟಿ ನೋಡಿದ್ದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆಗ ಪೆಟ್ಟಿಗೆಯಿಂದ ಬಂದ ಸ್ವರ ಶುದ್ಧವಾಗಿತ್ತೋ ಗೊರಗೊರ ಎಂದಿತ್ತೋ ಎಂಬುದು ಎಷ್ಟು ತಿಣುಕಿದರೂ ನೆನಪಿಗೆ ಬರುವುದಿಲ್ಲ. ಅನುಮಾನವಿಲ್ಲ ಎಂದು ಈಗಷ್ಟೇ ಬರೆದೆ. ಅದೂ ಪೂರ್ತಿ ನಿಜವಲ್ಲ. ಮೀಟಿದ್ದು ನನ್ನ ಬೆರಳೇ ಎಂದು ಹೇಳಬಲ್ಲೆ, ಆ ಮಧ್ಯಾಹ್ನವೇ ಎಂದು ಹೇಳುವಾಗ ಮಾತು ಸ್ವಲ್ಪ ತಡವರಿಸುತ್ತದೆ. ಈ ಸಂಗತಿಯನ್ನು ನಾನು ಬೇರೆ ಬೇರೆ ಕಡೆ, ಬೇರೆ ಬೇರೆ ಜನರ ಮುಂದೆ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ಅದು ಇನ್ನಷ್ಟು ನಯವಾಯಿತು. ಕೊನೆಗೆ ಕೇಳುವವರು ತಲೆಯಾಡಿಸುವಂತಹ ಒಂದು ಕಥೆಯೇ ಆಗಿಬಿಟ್ಟಿತು. ಬರೆಯಲು ಕುಳಿತಾಗ ಮಾತ್ರ ಆ ನಯವಾದ ಕಥೆಯ ಮೇಲೆ ನನಗೆ ನಂಬಿಕೆ ಬರುತ್ತಿಲ್ಲ. ಹಾಗಾಗಿ ಖಾತ್ರಿ ಇದ್ದದ್ದನ್ನು ಖಾತ್ರಿ ಎಂದೂ ಇಲ್ಲದ್ದನ್ನು ಇಲ್ಲ ಎಂದೂ ಬರೆಯುತ್ತಾ ಹೋಗುತ್ತೇನೆ.

ಅರುವತ್ತರ ದಶಕದ ನಡುವಿನ ವರ್ಷಗಳು. ಬಂಟ್ವಾಳ ಪೇಟೆಯಲ್ಲಿ ನನ್ನದು ಮೈಕ್ ಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ತಗಡಿನ ಹಾರ್ನುಗಳು, ಆಂಪ್ಲಿಫೈಯರು, ಬ್ಯಾಟರಿ, ಗ್ರಾಮಫೋನು, ಎರಡು ಹಾರ್ಮೋನಿಯಂ. ಭೂತದ ಕೋಲ, ಯಕ್ಷಗಾನ, ಮದುವೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಿಗೆ ಕರೆದರೂ ಹೋಗುವುದು. ಈ ಕೆಲಸ ಮನುಷ್ಯನಿಗೆ ಕಲಿಸುವುದು ಒಂದೇ ಭಯ, ಬೇಡದ ಸದ್ದಿನ ಭಯ. ಭೂತ ನುಡಿ ಕೊಡುವ ಹೊತ್ತಿಗೆ ಹಾರ್ನು ‘ಕುಂಯ್’ ಎಂದಿತೆನ್ನಿ, ಇಡೀ ಊರು ಒಟ್ಟಿಗೆ ನಿಮ್ಮ ಕಡೆಗೆ ತಿರುಗಿ ನೋಡುತ್ತದೆ. ಒಮ್ಮೆ ಹಾಗೆ ನೋಡಿಸಿಕೊಂಡವನು ಮತ್ತೆ ಜನ್ಮದಲ್ಲಿ ಮರೆಯುವುದಿಲ್ಲ. ನಾನು ಕಳಿಸುವ ಸಾಮಾನು ಸ್ವಂತ ಸದ್ದು ಮಾಡಬಾರದು ಎಂಬುದು ನನ್ನ ಹಠವಾಗಿತ್ತು. ಹಠಕ್ಕೆ ಹೆಸರೂ ಬಂದಿತ್ತು. ದೂರದ ಕನ್ಯಾನದಿಂದಲೂ ಜನ ನನ್ನ ಸೆಟ್ಟೇ ಬೇಕೆಂದು ಬರುತ್ತಿದ್ದರು.

ಈ ಸಾಮಾನುಗಳ ನಡುವೆ ಒಂದು ಹಳೆಯ ಗಿಟಾರೂ ಅದರದೇ ಆಂಪ್ಲಿಫೈಯರೂ ಸೇರಿಕೊಂಡದ್ದು ಮಾಸ್ಟ್ರಿಂದ. ಮಾಸ್ಟ್ರು ಹೊಳೆಯಾಚೆಯ ನರಿಕೊಂಬಿನವರು. ಹರೆಯದಲ್ಲಿ ಬೊಂಬಾಯಿಗೆ ಹೋಗಿ ಹೋಟೆಲುಗಳ ಬ್ಯಾಂಡಿನಲ್ಲಿ, ಆಮೇಲೆ ಸಿನೆಮಾ ಹಾಡುಗಳ ಹಿಂದಿನ ವಾದ್ಯಗಾರರ ಗುಂಪಿನಲ್ಲಿ ನುಡಿಸಿ, ವಯಸ್ಸಾದ ಮೇಲೆ ಊರಿಗೆ ಮರಳಿದ ಕ್ರಿಶ್ಚಿಯನ್ನರು. ಮದುವೆಯಾಗಿರಲಿಲ್ಲ. ತಂಗಿಯ ಮನೆಯಲ್ಲಿ ಇರುತ್ತಿದ್ದರು. ಆ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ.

“ಕರೆಂಟಿಲ್ಲದ ಮನೆಯಲ್ಲಿ ಇದು ಬರೀ ಮರದ ತುಂಡು ಮಾರಾಯ,” ಎಂದು ಎರಡನ್ನೂ ಎತ್ತಿನ ಗಾಡಿಯಲ್ಲಿ ತಂದು ನನ್ನ ಅಂಗಡಿಯಲ್ಲಿ ಇಳಿಸಿದರು. “ನೀನು ಬಾಡಿಗೆಗೆ ಕೊಡು. ನನಗೆ ನುಡಿಸ್ಬೇಕು ಅಂತ ಕಂಡಾಗ ನಾನು ಬರ್ತೇನೆ. ಆಗ ಮಾತ್ರ ಇಲ್ಲ ಅನ್ಬೇಡ.”

ಗಿಟಾರು ಎಂದರೆ ಕುತ್ತಿಗೆಗೆ ನೇತುಹಾಕಿಕೊಳ್ಳುವುದಲ್ಲ. ತೊಡೆಯ ಮೇಲೆ ಅಡ್ಡ ಇಟ್ಟು, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತಾ ಬಲಗೈಯಿಂದ ಮೀಟುವ ಹವಾಯಿಯನ್ ಗಿಟಾರು. ಯುದ್ಧಕ್ಕೆ ಮುಂಚಿನದು, ಯಾವುದೋ ಹಡಗಿನ ಬ್ಯಾಂಡಿನವನಿಂದ ಕೊಂಡದ್ದಂತೆ. ಅದಕ್ಕೆ ಜೋಡಿ ಆಂಪ್ಲಿಫೈಯರು ಚಿಕ್ಕ ಟ್ರಂಕಿನಷ್ಟು ದೊಡ್ಡದು. ನಾವೆಲ್ಲ ಅದನ್ನು ‘ಪೆಟ್ಟಿಗೆ’ ಎಂದೇ ಕರೆಯುತ್ತಿದ್ದೆವು. ಒಳಗೆ ವಾಲ್ವುಗಳು, ಎದುರಿಗೆ ಒಂದು ಸ್ಪೀಕರು. ಅದು ಅಮೆರಿಕದ ಕಡಿಮೆ ವೋಲ್ಟೇಜಿನ ಕರೆಂಟಿಗೆಂದು ಮಾಡಿದ್ದು. ನಮ್ಮ ಕರೆಂಟನ್ನು ಅರ್ಧಕ್ಕೆ ಇಳಿಸಿ ಕೊಡುವ ಕಬ್ಬಿಣದ ಟ್ರಾನ್ಸ್‌ಫಾರ್ಮರು ಬೇರೆ ಇತ್ತು. ಸ್ವಿಚ್ಚು ಹಾಕಿದರೆ ಒಡನೆ ಸದ್ದಿಲ್ಲ. ವಾಲ್ವು ಕೆಂಪಾಗುವವರೆಗೆ ಕಾಯಬೇಕು. ಮಾಸ್ಟ್ರು ಅಷ್ಟು ಹೊತ್ತು ಉಕ್ಕಿನ ತುಂಡನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಾ ಕೂರುತ್ತಿದ್ದರು.

ಮೊದಲ ವರ್ಷ ಸಂತೆಗೆ ಬಂದಾಗಲೆಲ್ಲ ಅಂಗಡಿಗೂ ಬಂದು ನುಡಿಸುತ್ತಿದ್ದರು. ಅವರು ನುಡಿಸಿದ್ದರಲ್ಲಿ ಹೆಚ್ಚಿನವು ನಮಗೆ ಗೊತ್ತಿಲ್ಲದ ಇಂಗ್ಲಿಷ್ ಧಾಟಿಗಳು. ಒಂದು ಮಾತ್ರ ಬೇರೆ. ನೇಜಿ, ಎಂದರೆ ಭತ್ತದ ಸಸಿ, ನೆಡುವಾಗ ಗದ್ದೆಯಲ್ಲಿ ಹೆಂಗಸರು ಹೇಳುವ ಹಾಡಿನ ಧಾಟಿಯನ್ನು ಹಿಡಿದು ಅವರೇ ಕಟ್ಟಿಕೊಂಡದ್ದು. ಅದನ್ನು ಕೇಳಿದಾಗ ಪಕ್ಕದ ಅಂಗಡಿಯ ತೂಕದವನೂ ತಕ್ಕಡಿ ಬಿಟ್ಟು ಬಂದು ನಿಲ್ಲುತ್ತಿದ್ದ. ಮಾಸ್ಟ್ರಿಗೆ ಒಂದೇ ಆಸೆ ಇತ್ತು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ.

“ಬೊಂಬಾಯಿಯಲ್ಲಿ ಎಷ್ಟೋ ಗ್ರಾಮಫೋನ್ ಪ್ಲೇಟುಗಳಲ್ಲಿ ನನ್ನ ಕೈ ಉಂಟು, ಗೊತ್ತುಂಟಾ? ಒಂದರಲ್ಲೂ ಹೆಸರಿಲ್ಲ. ಇದೊಂದು ನನ್ನದೂಂತ ಒಂದು ಪ್ಲೇಟಾಗ್ಬೇಕು. ಒಂದೇ ಒಂದು. ಆಮೇಲೆ ಈ ಗಿಟಾರನ್ನು ಬೇಕಾದರೆ ಕಡಿದು ಒಲೆಗೆ ಹಾಕು.”

ಒಲೆಯ ಮಾತು ಅವರು ಹೀಗೇ ಆಡಿದ್ದರೋ, ಮುಂದೆ ನಡೆದದ್ದಕ್ಕೆ ಹೊಂದಲಿ ಎಂದು ನಾನೇ ಸೇರಿಸಿದ್ದೋ, ಹೇಳಲಾರೆ.

ಯಾಕೆಂದರೆ ಪೆಟ್ಟಿಗೆ ಹೋಗಿ ಕುಳಿತದ್ದು ಒಲೆಯ ಮೇಲೆಯೇ. ನಮ್ಮಲ್ಲಿ ಪತ್ತನಾಜೆ ಎಂದರೆ ಬೇಸಿಗೆಯ ಕೊನೆಗೆ ಬರುವ ಒಂದು ದಿನ. ಅದು ಕಳೆದ ಮೇಲೆ ಕೋಲವಿಲ್ಲ, ಯಕ್ಷಗಾನದ ಆಟವಿಲ್ಲ, ಮತ್ತೆ ದೀಪಾವಳಿಯವರೆಗೆ ಗೆಜ್ಜೆಯ ಸದ್ದೇ ಇಲ್ಲ. ಮೈಕ್ ಸೆಟ್ಟಿನವನಿಗೂ ಅಲ್ಲಿಗೆ ವರ್ಷ ಮುಗಿದ ಹಾಗೆ. ಆಮೇಲೆ ಮಳೆ. ಬಂಟ್ವಾಳ ಪೇಟೆಗೆ ನೇತ್ರಾವತಿ ಯಾವಾಗ ಬೇಕಾದರೂ ನುಗ್ಗಬಹುದು ಎಂದು ಎಲ್ಲರೂ ಸಾಮಾನು ಮೇಲೇರಿಸುತ್ತಾರೆ. ನೀರು ಬರದಿದ್ದರೂ ತೇವಕ್ಕೆ ಬೂಸಲು, ಎಂದರೆ ಬೂಷ್ಟು, ಬರುತ್ತದೆ. ನಾನು ಹಾರ್ನುಗಳನ್ನು ಬೈಹುಲ್ಲಿನಲ್ಲಿ ಸುತ್ತಿ ಮಾಳಿಗೆಗೆ ಹಾಕಿದೆ. ಪೆಟ್ಟಿಗೆಯ ಸ್ಪೀಕರು ಕಾಗದದ್ದು, ಅದರ ಚಿಂತೆ ಹೆಚ್ಚಾಯಿತು.

“ಅಡುಗೆಮನೆಯ ಅಟ್ಟದಲ್ಲಿಡು,” ಎಂದರು ನನ್ನ ಅಮ್ಮ. “ಅಲ್ಲಿ ಬಿತ್ತದ ಭತ್ತಕ್ಕೆ ಬೂಸಲು ಹಿಡಿಯುವುದಿಲ್ಲ, ಹಪ್ಪಳಕ್ಕೆ ಹಿಡಿಯುವುದಿಲ್ಲ. ನಿನ್ನ ಪೆಟ್ಟಿಗೆ ಎಂತ, ಹಪ್ಪಳಕ್ಕಿಂತ ನಾಜೂಕಾ?”

ನಮ್ಮ ಕಡೆ ಯಾರಿಗೆ ಕೇಳಿದರೂ ಇದನ್ನೇ ಹೇಳುತ್ತಿದ್ದರು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದದ್ದು ಕೆಡುವುದಿಲ್ಲ. ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ, ತೆಂಗಿನಕಾಯಿಗಳ ನಡುವೆ ಇಟ್ಟೆ. ಗಿಟಾರನ್ನೂ ಅದರ ಬದಿಗೆ ಇಟ್ಟೆ. ಮಳೆಗಾಲವಿಡೀ ಒಲೆ ಉರಿಯಿತು. ಮಳೆ ಬಿಟ್ಟ ಮೇಲೆ ಇಳಿಸಿದಾಗ ಒಂದು ಚುಕ್ಕೆ ಬೂಸಲಿರಲಿಲ್ಲ. ಅಮ್ಮ ಆ ಪೆಟ್ಟಿಗೆಯನ್ನು ತಾವೇ ತಯಾರಿಸಿದಂತೆ ನೋಡಿದರು.

ಆ ವರ್ಷ ಪೆಟ್ಟಿಗೆ ಹೊರಗೆ ಹೋದದ್ದು ಮದುವೆಗಳಿಗೆ ಮತ್ತು ಒಂದೆರಡು ನಾಟಕಗಳಿಗೆ. ಅಲ್ಲೆಲ್ಲ ಅದರ ಸ್ವರ ಮೈಕಿನೊಳಗೆ ಹೋಗಿ ತಗಡಿನ ಹಾರ್ನಿನಿಂದ ಹೊರಬರುತ್ತದೆ. ಹಾರ್ನಿನಲ್ಲಿ ಎಲ್ಲವೂ ಒರಟಾಗಿಯೇ ಕೇಳುವುದು. ಪೆಟ್ಟಿಗೆಗೆ ಏನಾದರೂ ಆಗಿದ್ದರೂ ತಿಳಿಯುವ ದಾರಿ ಇರಲಿಲ್ಲ. ಮಾಸ್ಟ್ರು ಅಂಗಡಿಗೆ ಬರುವುದೂ ಆ ವರ್ಷ ಕಡಿಮೆಯಾಯಿತು. “ಹೊಳೆ ದಾಟ್ಲಿಕ್ಕೆ ಉದಾಸೀನ,” ಎಂದರು. ನಾನು ನಂಬಿದೆ.

ಮೂಡಬಿದಿರೆಯಲ್ಲಿ ಸ್ಟುಡಿಯೋ ಆದದ್ದು ಅದೇ ಹೊತ್ತಿಗೆ. ಸ್ಟುಡಿಯೋ ಎಂದರೆ ದೊಡ್ಡ ಮಾತು. ಜವಳಿ ಅಂಗಡಿಯ ಮಾಲಿಕರೊಬ್ಬರಿಗೆ ಸಂಗೀತದ ಹುಚ್ಚು. ಮದರಾಸಿನಿಂದ ಟೇಪ್ ರೆಕಾರ್ಡರು ತರಿಸಿ, ಅಂಗಡಿಯ ಮಾಳಿಗೆಯ ಗೋದಾಮಿನಲ್ಲಿ ಸ್ಥಾಪಿಸಿದ್ದರು. ಸುತ್ತ ಗೋಡೆಗೆ ಒತ್ತಿ ಬಟ್ಟೆಯ ಥಾನುಗಳನ್ನು ಸೂರಿನವರೆಗೆ ಪೇರಿಸಿದ್ದರಿಂದ ಒಳಗೆ ಒಂಚೂರೂ ಪ್ರತಿಧ್ವನಿ ಇಲ್ಲ. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತಿತ್ತು. ಊರಿನ ಹಾಡುಗಾರರ ಮಾದರಿ ಟೇಪುಗಳನ್ನು ಮಾಡಿ, ಗ್ರಾಮಫೋನ್ ಕಂಪೆನಿಯೊಂದರ ಏಜೆಂಟರ ಮೂಲಕ ಮದರಾಸಿಗೆ ಕಳಿಸುವುದು ಅವರ ಯೋಚನೆ. ಕಂಪೆನಿಗೆ ಹಿಡಿಸಿದರೆ ಪ್ಲೇಟು. ಅವರಲ್ಲಿ ವಾದ್ಯಗಳಿರಲಿಲ್ಲ. ಹಾರ್ಮೋನಿಯಂ, ಗಿಟಾರು, ಪೆಟ್ಟಿಗೆ ಎಲ್ಲ ನನ್ನಿಂದ ಬಾಡಿಗೆಗೆ ಹೋಗಬೇಕು.

ನಾನು ಮಾಸ್ಟ್ರ ಧಾಟಿಯ ಬಗ್ಗೆ ಹೇಳಿದೆ. ಧನಿಗಳು (ನಾನು ಅವರನ್ನು ಕರೆಯುತ್ತಿದ್ದದ್ದು ಹಾಗೆ) ಕೂಡಲೇ ಒಪ್ಪಿದರು. ಆದರೆ ದಿನ ಹೊಂದುವುದು ಸುಲಭವಿರಲಿಲ್ಲ. ಪತ್ತನಾಜೆಯವರೆಗೆ ನನಗೆ ಬಿಡುವಿಲ್ಲ. ಮಳೆ ಹಿಡಿದರೆ ಮಾಳಿಗೆಯ ಹೆಂಚಿನ ಮೇಲೆ ಬೀಳುವ ಸದ್ದಿನಲ್ಲಿ ರೆಕಾರ್ಡಿಂಗ್ ಸಾಧ್ಯವಿಲ್ಲ. ಏಜೆಂಟರು ಮದರಾಸಿಗೆ ಹೊರಡುವುದೂ ಮಳೆಗೆ ಮುಂಚೆ. ಪತ್ತನಾಜೆಗೂ ಮಳೆಗೂ ನಡುವೆ ಉಳಿಯುವ ಆ ಕೆಲವೇ ದಿನಗಳಲ್ಲಿ ಒಂದನ್ನು ಗೊತ್ತುಮಾಡಿದೆವು.

ಬಸ್ಸಿನ ಟಾಪಿನಲ್ಲಿ ಪೆಟ್ಟಿಗೆ, ಟ್ರಾನ್ಸ್‌ಫಾರ್ಮರು, ಗಿಟಾರು ಏರಿಸಿ, ಮಾಸ್ಟ್ರನ್ನು ಕಿಟಕಿಯ ಬದಿಗೆ ಕೂರಿಸಿ ಮೂಡಬಿದಿರೆಗೆ ಹೋದೆ. ಮಾಸ್ಟ್ರು ಬಿಳಿ ಕೋಟು ಹಾಕಿದ್ದರು. ಬೊಂಬಾಯಿಯ ಕೋಟು. ದಾರಿಯುದ್ದಕ್ಕೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಇದ್ದರು ಎಂದು ನನಗೆ ನೆನಪು. ಆದರೆ ಈ ನೆನಪಿನ ಮೇಲೆಯೂ ನನಗೆ ಗುಮಾನಿ. ಆಮೇಲೆ ತಿಳಿದದ್ದನ್ನು ಮನಸ್ಸು ಹಿಂದಕ್ಕೆ ಒಯ್ದು ಅಲ್ಲಿ ಇಟ್ಟುಬಿಡುತ್ತದೆ. ಬಸ್ಸು ಅಷ್ಟು ಕುಲುಕುವಾಗ ಯಾರಾದರೂ ಎರಡು ಕೈಯನ್ನೂ ಜೇಬಿನಲ್ಲಿಟ್ಟು ಕೂರಬಲ್ಲರೇ?

ಮಾಳಿಗೆಯಲ್ಲಿ ಕೆಲಸ ಶುರುವಾಯಿತು. ಟ್ರಾನ್ಸ್‌ಫಾರ್ಮರು ಸ್ವತಃ ಜುಂಯ್ ಎನ್ನುವುದರಿಂದ ಅದನ್ನು ಪಕ್ಕದ ಕೋಣೆಯಲ್ಲಿ, ಬೈಹುಲ್ಲು ಸುತ್ತಿದ ಅಕ್ಕಿ ಮುಡಿಯ ಮೇಲೆ ಕೂರಿಸಿದೆವು. ನೆಲದ ಹಲಗೆಗಳಿಗೆ ಕಂಪನ ತಾಗದಿರಲಿ ಎಂದು. ಪೆಟ್ಟಿಗೆಯ ಕೆಳಗೆ ಮಡಚಿದ ಕಂಬಳಿ. ಅದರ ಎದುರು ಒಂದು ಮೊಳ ದೂರದಲ್ಲಿ ಮೈಕು. ಸಂಜೆಯಾದರೆ ದೀಪಗಳು ಹೊತ್ತಿಕೊಂಡು ವೋಲ್ಟೇಜು ಇಳಿಯುತ್ತದೆ, ಟೇಪಿನ ಓಟವೂ ಕುಂಟುತ್ತದೆ. ಅದಕ್ಕಾಗಿ ಮಧ್ಯಾಹ್ನ ಊಟವಾದ ಕೂಡಲೇ ಕುಳಿತೆವು. ಬಸ್ಸುಗಳೂ ಆಗ ಕಡಿಮೆ. ಕೆಳಗಿನ ಅಂಗಡಿಯಲ್ಲಿ ಗಜಕೋಲಿನಿಂದ ಬಟ್ಟೆ ಅಳೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಲು ಧನಿಗಳು ಹೇಳಿಕಳಿಸಿದರು.

ಚಾ ಬಂತು. ಮಾಸ್ಟ್ರು, “ಅಲ್ಲೇ ಇಡು, ತಣಿಯಲಿ,” ಎಂದರು.

ವಾಲ್ವು ಕಾಯಿತು. ಮಾಸ್ಟ್ರು ಉಕ್ಕಿನ ತುಂಡನ್ನು ತಂತಿಯ ಮೇಲಿಟ್ಟು ನೇಜಿಯ ಧಾಟಿಯನ್ನು ಎತ್ತಿಕೊಂಡರು. ಧನಿಗಳು ಟೇಪು ಓಡಿಸಿ, ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮೊದಲ ಸಾಲು ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ, ಸ್ವರವೊಂದನ್ನು ಎಳೆದು ನಿಲ್ಲಿಸುವ ಜಾಗದಲ್ಲಿ, ಗೊರಗೊರ ಎಂದಿತು. ತಗಡಿನ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿದ ಹಾಗೆ. ಮುಂದಿನ ಸಾಲಿನಲ್ಲಿ ಮತ್ತೆ. ಸ್ವರ ಓಡುವಾಗ ಇಲ್ಲ, ನಿಂತಾಗ ಉಂಟು.

ನನ್ನ ಮುಖ ಬಿಸಿಯಾಯಿತು. ಪೆಟ್ಟಿಗೆಯ ಜವಾಬ್ದಾರಿ ನನ್ನದು. “ನಿಲ್ಲಿಸಿ, ನಿಲ್ಲಿಸಿ,” ಎಂದೆ.

ಆಮೇಲೆ ಮಾಡಿದ್ದನ್ನೆಲ್ಲ ಸಾಲಾಗಿ ಹೇಳಬಲ್ಲೆ, ಕೈಗಳು ಮರೆಯುವುದಿಲ್ಲ. ಗಿಟಾರಿನ ವಯರು ಬದಲಿಸಿದೆ. ವಾಲ್ವುಗಳನ್ನು ಒಂದೊಂದಾಗಿ ತೆಗೆದು ಕಾಲುಗಳನ್ನು ಉಜ್ಜಿ ಮತ್ತೆ ಕೂರಿಸಿದೆ. ಹಿಂದಿನ ಹಲಗೆಯ ಸ್ಕ್ರೂಗಳನ್ನು ಬಿಗಿದೆ. ಮೈಕನ್ನು ಸರಿಸಿದೆ. ಪೆಟ್ಟಿಗೆಯ ಹಿಂದೆ ಮೂಗು ಒಡ್ಡಿದಾಗ ಬಂದದ್ದು ನಮ್ಮ ಅಡುಗೆಮನೆಯ ವಾಸನೆ. ಹೊಗೆ, ಮಸಿ, ಒಣಗಿದ ತೆಂಗಿನಕಾಯಿಯ ವಾಸನೆ. ಆ ಕ್ಷಣದಲ್ಲೇ ನನಗೆ ಎಲ್ಲ ಹೊಳೆದಂತಾಯಿತು. ಒಲೆಯ ಬಿಸಿಗೆ ಸ್ಪೀಕರಿನ ಕೋನ್, ಎಂದರೆ ಒಳಗಿನ ಕಾಗದದ ಬಟ್ಟಲು, ಒಣಗಿ ಗರಿಗರಿಯಾಗಿದೆ, ಎಲ್ಲೋ ಬಿರಿದಿದೆ. ಹಾಗೆ ಹೊಳೆದ ಮೇಲೆ ಬೇರೆ ಏನನ್ನೂ ನಾನು ಹುಡುಕಲಿಲ್ಲ. ಗಿಟಾರನ್ನು ಕೈಗೆತ್ತಿಕೊಂಡು, ಉಕ್ಕಿನ ತುಂಡಿಲ್ಲದೆ, ಬರಿಯ ತಂತಿಯೊಂದನ್ನು ಮೀಟಿದ್ದು ಅದರ ಮೊದಲೋ ನಂತರವೋ. ನಾನು ಆರಂಭದಲ್ಲಿ ಹೇಳಿದ್ದು ಆ ಮೀಟನ್ನೇ.

ಧನಿಗಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ, “ಇರ್ಲಿ ಬಿಡಿ ಮಾರಾಯ್ರೆ,” ಎಂದರು. “ನನಗೇನೋ ಚಂದ ಕೇಳ್ತದೆ. ನೇಜಿಯ ಹೆಂಗಸರಲ್ಲಿ ಒಬ್ಬಳು ಅಜ್ಜಿ ಇರ್ತಾಳಲ್ಲ, ಅವಳ ಗಂಟಲು ಇದ್ದ ಹಾಗೆ ಉಂಟು.”

“ಅಜ್ಜಿಯ ಗಂಟಲು ಅಂತ ಮದರಾಸಿನವರಿಗೆ ಯಾರು ಹೇಳುವುದು ಧನಿಗಳೇ? ಬಂಟ್ವಾಳದವನ ಪೆಟ್ಟಿಗೆ ಹಾಳು ಅಂತಾರೆ. ಪ್ಲೇಟಾದ್ರೆ ಈ ಗೊರಗೊರ ಶಾಶ್ವತ. ಮಾಸ್ಟ್ರ ಹೆಸರಿನ ಕೆಳಗೆ ಇದಿರ್ತದೆ.”

“ಏಜೆಂಟರು ಹೊರಟರೆ ಮತ್ತೆ ಮಳೆ ಕಳೀಬೇಕು, ಗೊತ್ತುಂಟಲ್ಲ?”

“ಕಳೀಲಿ. ಕೋನ್ ಬದಲಿಸಿ ತರ್ತೇನೆ. ಇಷ್ಟು ವರ್ಷ ಕಾದವರು ಒಂದು ಮಳೆ ಕಾಯುವುದಿಲ್ವಾ? ಎಂತ ಮಾಸ್ಟ್ರೇ?”

ಮಾಸ್ಟ್ರು ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಕೈಗಳು ಗಿಟಾರಿನ ಮೇಲೆ ಒಂದರ ಮೇಲೊಂದು. “ಪೆಟ್ಟಿಗೆಯದ್ದೇ ಇರ್ಬೇಕು,” ಎಂದರು. “ಸರಿ ಮಾಡಿಸು. ಮಳೆ ಕಳೆದು ನುಡಿಸುವ.”

ನಯವಾದ ಕಥೆಯಲ್ಲಿ ನಾವು ಮೂವರೂ ಒಮ್ಮತದಿಂದ ತೀರ್ಮಾನಿಸಿದೆವು ಎಂದು ಬರುತ್ತದೆ. ಹಾಗಿರಲಿಲ್ಲ. ಧನಿಗಳು ರೆಕಾರ್ಡ್ ಮಾಡಲು ತಯಾರಿದ್ದರು. ತಡೆದದ್ದು ನಾನು. ತಡೆದದ್ದು ತಪ್ಪೆಂದು ಅಂದು ಯಾರಿಗೂ ಕಾಣಲಿಲ್ಲ. ಬಾಡಿಗೆಯವನು ತನ್ನ ಸಾಮಾನಿನ ದೋಷವನ್ನು ತಾನೇ ಒಪ್ಪಿಕೊಂಡನಲ್ಲ ಎಂದು ಧನಿಗಳು ನನ್ನನ್ನು ಹೊಗಳಿದರು ಕೂಡ. ಮಾಸ್ಟ್ರು ಎದ್ದರು. ಚಾ ಬೆಂಚಿನ ಮೇಲೆ ಹಾಗೇ ಉಳಿದಿತ್ತು.

ಮಂಗಳೂರಿನ ಅಂಗಡಿಯವರು ಸ್ಪೀಕರನ್ನೇ ಬದಲಿಸಿ ಎಂದರು. ನನಗೆ ಹಳೆಯ ಸ್ಪೀಕರಿಗೇ ಹೊಸ ಕೋನ್ ಬೇಕಿತ್ತು. ಅದನ್ನು ಅಂಟಿಸಬಲ್ಲವರು ಎಂದು ನನಗೆ ಗೊತ್ತಿದ್ದವರು ಬೆಳ್ತಂಗಡಿಯ ರೇಡಿಯೋ ರಿಪೇರಿಯವರು. ಮೊದಲ ಮಳೆ ಬಿದ್ದಾಗಿತ್ತು. ಪೆಟ್ಟಿಗೆಗೆ ಟಾರ್ಪಾಲು ಸುತ್ತಿ ಅವರಲ್ಲಿಗೆ ಒಯ್ದೆ. ಹಿಂದಿನ ಹಲಗೆ ತೆಗೆದವರೇ ಅವರು ಮೂಗು ಹಿಂಡಿಕೊಂಡರು.

“ಇದೆಂತದು? ನಿಮ್ಮ ಅಮ್ಮ ಇದನ್ನು ಕೊಪ್ಪರ ಅಂತ ಒಣಗಿಸಿದ್ದಾ?”

“ಬೂಸಲು ಹಿಡಿಯಬಾರದು ಅಂತ ಅಟ್ಟದಲ್ಲಿಟ್ಟದ್ದು.”

“ಬೂಸಲು ಹಿಡೀಲಿಲ್ಲ, ಸತ್ಯವೇ. ಇನ್ನು ಗಾಣಕ್ಕೆ ಹಾಕುವುದೊಂದು ಬಾಕಿ.”

ಕೋನನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಇತ್ತು. ಅದರಿಂದ ಬೆಳಕು ಒಳಗೆ ಬರುತ್ತಿತ್ತು. ಅದನ್ನು ನಾನು ಕಣ್ಣಾರೆ ಕಂಡೆ, ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಆಮೇಲೆ ಅವರು ರೇಡಿಯೋದಿಂದ ವಯರೆಳೆದು ಪೆಟ್ಟಿಗೆಗೆ ಕೊಟ್ಟರು. ಯಾವುದೋ ಸ್ಟೇಷನ್ನಿನ ಕೊಳಲು ಬಂತು. ಹೊರಗೆ ಮಳೆ, ರೇಡಿಯೋದಲ್ಲಿ ಮೋಡದ ಚರಪರ. ಇಬ್ಬರೂ ಕಿವಿಗೊಟ್ಟು ಕೂತೆವು.

“ಸ್ವಲ್ಪ ಉಂಟು,” ಎಂದರು. “ಆದ್ರೆ ನೀವು ಹೇಳುವಷ್ಟು ಇಲ್ಲ. ಗಿಟಾರು ತರ್ಲಿಲ್ವಾ?”

“ಗಿಟಾರು ಯಾಕೆ? ತೊಂದರೆ ಇಲ್ಲಿ ಕಾಣ್ತಾ ಉಂಟಲ್ಲ.”

“ಕಾಣ್ತದೆ. ಅಂಟು ಹಚ್ಚಿ ಬಿರುಕು ಮುಚ್ಚಿ ಕೊಡ್ಲಾ? ಈಗಲೇ ಆಗ್ತದೆ. ಮನೆಗೆ ಹೋಗಿ ಗಿಟಾರು ಹಾಕಿ ನೋಡಿ, ಆಮೇಲೂ ಗೊರಗೊರ ಅಂದ್ರೆ ಬದಲಿಸುವ.”

ಆ ಮಾತನ್ನು ಒಪ್ಪಬಹುದಿತ್ತು. ಒಪ್ಪಿದ್ದರೆ ಆ ವಾರವೇ ಎಲ್ಲ ತಿಳಿದುಹೋಗುತ್ತಿತ್ತು. ಆದರೆ ಅಂಟು ಹಚ್ಚಿದ ಸಾಮಾನನ್ನು ರೆಕಾರ್ಡಿಂಗಿಗೆ ಕೊಡುವುದು ನನ್ನ ಜಾಯಮಾನವಲ್ಲ. ಹೊಸದೇ ಹಾಕಿ ಎಂದೆ. ಅವರು ಹೆಗಲು ಕುಣಿಸಿ, ಬ್ಲೇಡಿನಿಂದ ಹಳೆಯ ಕೋನನ್ನು ಅಂಚಿನ ಸುತ್ತ ಕೊಯ್ದು ತೆಗೆದರು. ಅದು ಹಪ್ಪಳದ ಹಾಗೆ ತುಂಡುತುಂಡಾಗಿ ಬಂತು. ಒಂದು ತುಂಡು ನನ್ನ ಕೈಯಲ್ಲಿ ಪುಡಿಯಾಯಿತು.

ಮದರಾಸಿನಿಂದ ಹೊಸ ಕೋನ್ ಬರಲು ಮಳೆಗಾಲದ ನಡುವಿನ ಆಟಿ ತಿಂಗಳಾಯಿತು. ಬಂದ ಮೇಲೆ ಅಂಟು ಒಣಗಲಿಲ್ಲ. ಅಂತಹ ಥಂಡಿಯಲ್ಲಿ ಅದು ಒಣಗುವುದಿಲ್ಲವಂತೆ; ಒಂದು ಬದಿ ಹಿಡಿದರೆ ಇನ್ನೊಂದು ಬದಿ ಎದ್ದು ಬರುತ್ತಿತ್ತು. “ಈಗ ಬೇಕಾದದ್ದು ನಿಮ್ಮ ಅಮ್ಮನ ಅಟ್ಟವೇ,” ಎಂದು ನಕ್ಕರು ರಿಪೇರಿಯವರು. ನಾನು ನಗಲಿಲ್ಲ. ಬಿಸಿಲು ಬರುವವರೆಗೆ ಪೆಟ್ಟಿಗೆ ಬೆಳ್ತಂಗಡಿಯಲ್ಲೇ ಉಳಿಯಿತು. ಕೊನೆಗೆ ತಂದು ಅಂಗಡಿಯಲ್ಲಿ ಮೈಕು ಸಿಕ್ಕಿಸಿ ಮಾತಾಡಿ ನೋಡಿದೆ. ನನ್ನ ಸ್ವರ ನನಗೇ ಗುರುತು ಸಿಗದಷ್ಟು ಶುಭ್ರವಾಗಿತ್ತು. ಬಹಳ ಸಂತೋಷಪಟ್ಟೆ.

ಅದೇ ಸಂತೋಷದಲ್ಲಿ ಹೊಳೆ ದಾಟಿ ನರಿಕೊಂಬಿಗೆ ಹೋದೆ. ಮಳೆಗಾಲವಿಡೀ ಮಾಸ್ಟ್ರನ್ನು ಕಂಡಿರಲಿಲ್ಲ. ಅವರು ಜಗಲಿಯಲ್ಲಿ ಕುಳಿತಿದ್ದರು. ಅವರ ತಂಗಿ ಗಂಜಿಯನ್ನು ಚಮಚದಲ್ಲಿ ತಿನ್ನಿಸುತ್ತಿದ್ದರು. ನನ್ನನ್ನು ಕಂಡು ಮಾಸ್ಟ್ರು ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಕೈಗಳು ಅಲ್ಲೂ ಸುಮ್ಮನಿರಲಿಲ್ಲ. ಎಡಗೈ ಎಲೆ ಅಲುಗಿದ ಹಾಗೆ ಒಂದೇ ಸಮನೆ ಅಲುಗುತ್ತಿತ್ತು.

“ಮೂರು ಜನ ಡಾಕ್ಟರು ನೋಡಿಯಾಯ್ತು,” ಎಂದರು ತಂಗಿ. “ನರದ್ದಂತೆ.”

“ಪೆಟ್ಟಿಗೆ ಸರಿಯಾಯ್ತಾ?” ಎಂದು ಕೇಳಿದರು ಮಾಸ್ಟ್ರು.

“ಆಯ್ತು ಮಾಸ್ಟ್ರೇ. ಕನ್ನಡಿ ಹಾಗೆ ಉಂಟು.”

“ಒಳ್ಳೇದಾಯ್ತು.”

ತಂಗಿ ಬಟ್ಟಲು ಹಿಡಿದು ಒಳಗೆ ಹೋದರು. ನಾನು ನೇರವಾಗಿಯೇ ಕೇಳಿದೆ. “ಮಾಸ್ಟ್ರೇ, ಇದು ಯಾವಾಗಿಂದ? ಮೂಡಬಿದಿರೆಗೆ ಹೋದಾಗ ಇತ್ತಾ?”

ಅವರು ಹೊಳೆಯ ಕಡೆಗೆ ನೋಡಿ ನಕ್ಕರು. “ಆ ದಿನ ನಡುಗಿದ್ದು ನಿನ್ನ ಪೆಟ್ಟಿಗೆ. ಈಗ ನಾನು. ಇಬ್ಬರೂ ಒಟ್ಟಿಗೆ ಸರಿ ಇರುವ ಒಂದು ದಿನ ಸಿಕ್ಕಿದ್ರೆ ಸಾಕಿತ್ತು ಮಾರಾಯ.”

ಉಕ್ಕಿನ ತುಂಡನ್ನು ತಂತಿಯ ಮೇಲೆ ನಿಲ್ಲಿಸಿ ಹಿಡಿದಿರುವಾಗ ಕೈ ಒಂಚೂರು ನಡುಗಿದರೂ ಉಕ್ಕು ತಂತಿಗೆ ಬಡಿದು ಗೊರಗೊರ ಎನ್ನುತ್ತದೆ. ಜಾರಿಸುವಾಗ ತಿಳಿಯುವುದಿಲ್ಲ, ನಿಲ್ಲಿಸಿದಾಗ ತಿಳಿಯುತ್ತದೆ. ಇದು ನನಗೆ ಹೊಳೆದದ್ದು ಮರಳಿ ಹೊಳೆ ದಾಟುವಾಗ.

ಧನಿಗಳಿಗೆ ವಿಷಯ ತಿಳಿಸಿದಾಗ ಅವರೇ ಒಂದು ದಾರಿ ಹೇಳಿದರು. ಮಂಗಳೂರಿನಿಂದ ಒಬ್ಬ ಒಳ್ಳೆಯ ವಾದಕರನ್ನು ಕರೆಸುವ, ಮಾಸ್ಟ್ರು ಬಾಯಲ್ಲಿ ಹೇಳಿಕೊಡಲಿ, ಪ್ಲೇಟಿಗೆ ಮಾಸ್ಟ್ರ ಹೆಸರೇ ಇರಲಿ. ಮೊದಲ ದಿನದ ತುಂಡು ಟೇಪು ಇದೆಯೇ ಎಂದು ಕೇಳಿದೆ. ಅವರು ಹಣೆಗೆ ಕೈ ಹಚ್ಚಿದರು. “ಅಯ್ಯೋ, ಅದು ಬೇಡ ಅಂತ ನೀವೇ ಹೇಳಿದ್ರಲ್ಲ! ಅದರ ಮೇಲೆ ಭಜನೆ ತುಂಬಿಸಿಯಾಯ್ತು.” ಟೇಪು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಒಂದರ ಮೇಲೊಂದು ತುಂಬಿಸುವುದೇ ಎಲ್ಲರ ಕ್ರಮ.

ಮಾಸ್ಟ್ರು ಒಪ್ಪಿದರು. ನನಗೆ ಅದು ಅಚ್ಚರಿಯೆನಿಸಿತು. ಅದೇ ಬಿಳಿ ಕೋಟು ಹಾಕಿಕೊಂಡು ಬಂದು, ಥಾನುಗಳಿಗೆ ಒರಗಿ ಕುಳಿತು, ಮಂಗಳೂರಿನವರಿಗೆ ಧಾಟಿಯನ್ನು ಹಾಡಿ ತೋರಿಸಿದರು. ವಾದಕರು ಚುರುಕು, ವಿನಯವಂತರು. “ಇಲ್ಲಿ ಎಳೀಬೇಕಾ ಮಾಸ್ಟ್ರೇ? ಹೀಗಾ?” ಎಂದು ಕೇಳಿ ಕೇಳಿ ಕಲಿತರು. ಹೊಸ ಕೋನು, ಹಳೆಯ ಗಿಟಾರು. ಗೊರಗೊರ ಇಲ್ಲ. ಒಂದು ತಪ್ಪಿಲ್ಲ. ಧನಿಗಳು ಹೆಡ್‌ಫೋನ್ ಇಳಿಸಿ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ಇಷ್ಟು ಶುದ್ಧವಾದ ಸ್ವರ ನನ್ನ ಯಾವ ಸಾಮಾನಿನಿಂದಲೂ ಅಲ್ಲಿಯವರೆಗೆ ಬಂದಿರಲಿಲ್ಲ.

ಟೇಪನ್ನು ಹಿಂದೆ ಸುತ್ತಿ ಎಲ್ಲರಿಗೂ ಕೇಳಿಸಿದರು. ಮಾಸ್ಟ್ರು ತಲೆ ತಗ್ಗಿಸಿ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ತಲೆಯೆತ್ತಿ, “ಚಂದ ಉಂಟು,” ಎಂದರು. “ಯಾರದ್ದಿದು?”

ಧನಿಗಳು ನಕ್ಕರು. ಮಂಗಳೂರಿನವರೂ ನಕ್ಕರು. ಮಾಸ್ಟ್ರು ತಮಾಷೆಯ ಮನುಷ್ಯರು ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ನಾನೂ ನಕ್ಕೆ. ಅವರು ನಕ್ಕರೇ? ಅವರ ಮುಖ ನನಗೆ ಕಾಣುತ್ತದೆ, ಆದರೆ ಆ ಮುಖದಲ್ಲಿ ನಗು ಇತ್ತೋ ಇಲ್ಲವೋ ಎಂದು ನೋಡಲು ಹೋದರೆ ಮುಖವೇ ಮಸುಕಾಗುತ್ತದೆ.

ಟೇಪು ಮದರಾಸಿಗೆ ಹೋಯಿತು. ಪ್ಲೇಟು ಬರಲಿಲ್ಲ. ಯಾಕೆಂದು ಏಜೆಂಟರಿಗೂ ತಿಳಿದಿರಲಿಲ್ಲ. ಮಾಸ್ಟ್ರು ಮತ್ತೆ ಅದರ ಬಗ್ಗೆ ಕೇಳಲಿಲ್ಲ, ಇನ್ನೊಂದು ಮಳೆಗಾಲ ದಾಟಲೂ ಇಲ್ಲ. ಪೆಟ್ಟಿಗೆ ಆಮೇಲೆಯೂ ಬಹಳ ಕಾಲ ಬಾಡಿಗೆಗೆ ಹೋಗುತ್ತಿತ್ತು. ಅದರ ಸದ್ದಿನ ಬಗ್ಗೆ ಯಾರೂ ದೂರಲಿಲ್ಲ. ಪತ್ತನಾಜೆಯ ನಂತರ ಅದನ್ನು ಅಟ್ಟಕ್ಕೆ ಏರಿಸುವುದನ್ನು ಮಾತ್ರ ಬಿಟ್ಟೆ. ಅಮ್ಮ ಕಾರಣ ಕೇಳಿದರು. ಜಾಗವಿಲ್ಲ ಎಂದೆ.

ಹಳೆಯ ಕೋನು ಪುಡಿಯಾಯಿತು, ಹಳೆಯ ಟೇಪಿನ ಮೇಲೆ ಭಜನೆ ಬಂತು. ಉಳಿದದ್ದು ನಾನು ಮೀಟಿದ ಆ ಒಂದು ತಂತಿ. ಉಕ್ಕಿನ ತುಂಡಿಲ್ಲದೆ, ಮಾಸ್ಟ್ರ ಕೈಯಿಲ್ಲದೆ ಮೀಟಿದಾಗಲೂ ಗೊರಗೊರ ಎಂದಿದ್ದರೆ ದೋಷ ಪೆಟ್ಟಿಗೆಯದು, ನಮ್ಮ ಒಲೆಯದು. ನಾನು ಮಾಡಿದ್ದು ಸರಿ, ಕಾಲ ಮಾತ್ರ ಕೂಡಿಬರಲಿಲ್ಲ ಎಂದುಕೊಳ್ಳಬಹುದು. ಶುದ್ಧವಾಗಿ ಬಂದಿದ್ದರೆ ಗೊರಗೊರ ಮಾಸ್ಟ್ರ ಕೈಯದು. ಆಗ ಅದು ಅವರಿಗೂ ಗೊತ್ತಿರಲೇಬೇಕು. ಗೊತ್ತಿದ್ದೂ “ಪೆಟ್ಟಿಗೆಯದ್ದೇ ಇರ್ಬೇಕು” ಎಂದದ್ದು ಕೈಯ ಸಂಗತಿ ನಮ್ಮ ಕಣ್ಣಿಗೆ ಬೀಳದಿರಲಿ ಎಂದೋ, ಅಥವಾ ನಾನು ತಡೆಯದೆ ಧನಿಗಳ ಮಾತು ಕೇಳಿ ಅಂದೇ ರೆಕಾರ್ಡ್ ಮಾಡಿಸಲಿ ಎಂದು ಒಳಗೊಳಗೇ ಕಾದು, ನಾನು ಬಿಡದಾಗ ಸೋತು ಹೇಳಿದ್ದೋ.

ಇದನ್ನು ಅವರಲ್ಲಿ ಮತ್ತೊಮ್ಮೆ ಕೇಳಲಿಲ್ಲ. ತಂತಿ ಮೀಟಿದಾಗ ಕೇಳಿಸಿದ್ದು ಏನು ಎಂಬುದೂ ನನಗೆ ಗೊತ್ತಿಲ್ಲ.